ಸೋತರೆ ಕೊಡುವ ಮುಡಿಪು

ಹಿಡಿದ ಕೆಲಸವನ್ನು ನಡುವೆ ಕೈಬಿಡುವುದರಲ್ಲಿ ಸಿರುಗುಪ್ಪದಿಂದ ಬಳ್ಳಾರಿಯವರೆಗೆ ನನ್ನನ್ನು ಮೀರಿಸುವವರು ಇರಲಿಲ್ಲ. ಮದುವೆಗೆ ಮುಂಚೆ ಹಿಂದಿ ಪರೀಕ್ಷೆಗೆ ಕಟ್ಟಿ ಎರಡನೆಯ ಪುಸ್ತಕಕ್ಕೇ ನಿಲ್ಲಿಸಿದೆ. ಮದುವೆಯಾದ ವರ್ಷ ಹೊಲಿಗೆ ಕಲಿಯಲು ಹೋದೆ, ಕಾಜಾ ಹಾಕುವುದು ಬಂದ ಕೂಡಲೇ ಬೇಸರ ಬಂತು. ಗಂಡನಿಗೆಂದು ಹೆಣೆಯಲು ಹಿಡಿದ ಸ್ವೆಟರಿಗೆ ಒಂದೇ ತೋಳು. ಬಳ್ಳಾರಿಯ ಬಿಸಿಲಿಗೆ ಸ್ವೆಟರ್ ಯಾಕೆ ಎಂದು ಯಾರಾದರೂ ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ. ನನ್ನ ಗಂಡ ನನ್ನನ್ನು ‘ಆರಂಭಶೂರಿ’ ಎಂದು ಕರೆಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಪಾರ್ವತಿನಗರದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಗಂಡ ಬ್ರೂಸ್‌ಪೇಟೆಯಲ್ಲಿ ಒಬ್ಬ ಹತ್ತಿ ವ್ಯಾಪಾರಿಯ ಹತ್ತಿರ ಗುಮಾಸ್ತ. ಮನೆಯಲ್ಲಿ ಅವರು, ನಾನು, ಮೂರು ವರ್ಷದ ಮಗಳು ಮತ್ತು ಅತ್ತೆ. ಅತ್ತೆ ಕುರುಗೋಡಿನ ಮಗಳು. ಅವರಿಗೆ ಊರೂ ಕುರುಗೋಡೇ, ದೇವರೂ ಕುರುಗೋಡಿನ ಬಸವಣ್ಣನೇ, ಜೋಳ ಒಳ್ಳೆಯದಿದ್ದರೆ ಅದೂ ಕುರುಗೋಡಿನದೇ. ಮಾತು ಕಡಿಮೆ, ಆಡಿದರೆ ಅಳತೆ ಹಿಡಿದಂತೆ. ನನಗೆ ಅವರನ್ನು ಕಂಡರೆ ಹೆದರಿಕೆ ಇತ್ತು. ಅವರೇನೂ ಹೆದರಿಸುತ್ತಿರಲಿಲ್ಲ, ನಾನೇ ಹೆದರುತ್ತಿದ್ದೆ.

ಆಗ ಸರ್ಕಾರದ ಕಾಗದಗಳೆಲ್ಲ ಕನ್ನಡದಲ್ಲೇ ಆಗಬೇಕು ಎಂಬ ಮಾತು ಜೋರಾಗಿತ್ತು. ಕನ್ನಡ ಟೈಪು ಬಲ್ಲವರು ಊರಿನಲ್ಲಿ ಬೆರಳೆಣಿಕೆಯಷ್ಟು. ಮನೆಯಲ್ಲೇ ಒಂದು ಮಷೀನು ಇಟ್ಟುಕೊಂಡು ಅರ್ಜಿ, ಕರಾರುಪತ್ರ ಟೈಪು ಮಾಡಿಕೊಟ್ಟರೆ ಪುಟಕ್ಕೆ ಇಷ್ಟು ಎಂದು ಸಿಗುತ್ತಿತ್ತು. ನನಗೆ ಅದೊಂದೇ ಆಸೆ ಹತ್ತಿತು. ಒಂದು ಕುಪ್ಪಸದ ಬಟ್ಟೆ ಬೇಕಾದರೂ ಗಂಡನನ್ನು ಕೇಳಬೇಕು. ಅವರು ಇಲ್ಲ ಎನ್ನುತ್ತಿರಲಿಲ್ಲ, ‘ಬರೋ ತಿಂಗಳು’ ಎನ್ನುತ್ತಿದ್ದರು. ಬರುವ ತಿಂಗಳು ಬಂದಾಗ ಅದಕ್ಕೂ ಒಂದು ಬರುವ ತಿಂಗಳು ಇರುತ್ತಿತ್ತು. ನನ್ನ ಕೈಯಿಂದ ನಾನು ದುಡಿದದ್ದು ಎಂದು ನಾಲ್ಕು ರೂಪಾಯಿ ಹಿಡಿಯಬೇಕು ಅನ್ನಿಸುತ್ತಿತ್ತು. ಆ ಆಸೆಯನ್ನು ಯಾರ ಮುಂದೆಯೂ ಆಡಲು ನಾಚಿಕೆ.

ಅದಕ್ಕೆ ಬೇಕಾದ ದುಡ್ಡು ನನ್ನ ಹತ್ತಿರವೇ ಇತ್ತು. ಅವ್ವ ತೀರಿಕೊಂಡ ವರ್ಷ ಸಿರುಗುಪ್ಪಕ್ಕೆ ಹೋದಾಗ ಅಪ್ಪ ಒಂದು ಬಟ್ಟೆಯ ಗಂಟು ಕೊಟ್ಟಿದ್ದ. ಅವ್ವ ಒಂದು ಎಮ್ಮೆಯನ್ನು ನನ್ನ ಹೆಸರಿಗೆ ಅಂತ ಸಾಕಿ, ಅಕ್ಕಿ ಗಿರಣಿಯವರ ಮನೆಗಳಿಗೆ ಹಾಲು ಹಾಕಿ ಕೂಡಿಟ್ಟದ್ದು. “ನಿಮ್ಮವ್ವ ನಿನಗಂತ ಇಟ್ಟಿದ್ದು. ನಿನ್ನ ಗಂಡಗೂ ಕೊಡಬ್ಯಾಡ, ನನಗೂ ತಿರುಗಿ ಕೊಡಬ್ಯಾಡ,” ಎಂದಿದ್ದ. ಒಂದು, ಎರಡು, ಐದರ ನೋಟುಗಳು, ಹತ್ತರದು ಅಲ್ಲೊಂದು ಇಲ್ಲೊಂದು. ಒಟ್ಟು ಆರು ನೂರು ರೂಪಾಯಿ. ಗಂಡನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು.

ಬ್ರೂಸ್‌ಪೇಟೆಯ ಪಾತ್ರೆ ಅಂಗಡಿಯೊಂದರ ಮೇಲಿನ ಅಂತಸ್ತಿನಲ್ಲಿ ಟೈಪಿಂಗ್ ಕ್ಲಾಸು ನಡೆಯುತ್ತಿತ್ತು. ಕೆಳಗೆ ಕೊಳಗ ತಪ್ಪಲೆಗಳ ಸದ್ದು, ಮೇಲೆ ಕೀಲಿಗಳ ಸದ್ದು. ಹಣೆಗೆ ಉದ್ದನೆಯ ನಾಮ ಇಟ್ಟ ವಯಸ್ಸಾದ ಮಾಸ್ತರು ಬೆಂಚುಗಳ ನಡುವೆ ಅಡ್ಡಾಡುತ್ತಿದ್ದರು. “ಕೀಲಿ ನೋಡಬ್ಯಾಡ್ರಿ ಅಮ್ಮಾ, ಕೀಲಿ ನಿಮ್ಮನ್ನ ನೋಡ್ಲಿ,” ಎನ್ನುತ್ತಿದ್ದರು. ಮೂಲೆಯಲ್ಲಿದ್ದ ಹಳೆಯ ಕನ್ನಡ ಮಷೀನಿನ ಮೇಲೆ ಮೊದಲ ದಿನವೇ ನನ್ನ ಕಣ್ಣು ಬಿತ್ತು. ಪರೀಕ್ಷೆ ಮುಗಿದ ಮೇಲೆ ಹೊಸದು ತರಿಸುತ್ತಾರಂತೆ, ಹಳೆಯದನ್ನು ಆರು ನೂರಕ್ಕೆ ಕೊಡುತ್ತಾರಂತೆ. ನನಗೇ ಕೊಡಿ ಎಂದೆ.

“ಪಾಸಾದ್ರ ಕೊಡ್ತೀನ್ರಿ. ನಪಾಸಾದವ್ರ ಕೈಗೆ ಮಷೀನು ಕೊಟ್ರ ಅವ್ರು ಊರ ತುಂಬ ತಪ್ಪು ಹೊಡೀತಾರ, ಹೆಸರು ನಂದು ಕೆಡ್ತೈತಿ.”

ಒಂದು ತಿಂಗಳು ಉತ್ಸಾಹದಿಂದ ಹೋದೆ. ಎರಡನೆಯ ತಿಂಗಳು ವಾರಕ್ಕೆ ಎರಡು ದಿನ ತಪ್ಪಿತು. ಕನ್ನಡದಲ್ಲಿ ಒಂದು ಅಕ್ಷರ ಕೂಡಿಸಲು ಎರಡು ಮೂರು ಕೀಲಿ ಒತ್ತಬೇಕು, ಕಿರುಬೆರಳಿಗೆ ಬಲ ಸಾಲದು, ಒತ್ತಕ್ಷರ ಬಂದರೆ ಅಳು ಬರುತ್ತಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಚಪ್ಪಲಿಯೊಳಗೂ ಕಾಲು ಸುಡುತ್ತಿತ್ತು. ಹೋಗದಿರಲು ಕಾರಣ ಹುಡುಕುವುದರಲ್ಲಿ ನಾನು ಮೊದಲೇ ಜಾಣೆ. ಸ್ವೆಟರಿನ ಗತಿಯೇ ಇದಕ್ಕೂ ಬರುತ್ತದೆ ಎಂದು ನನಗೇ ಗೊತ್ತಾಗತೊಡಗಿತು.

ಅಂಥ ಒಂದು ದಿನ ಊಟಕ್ಕೆ ಕೂತಾಗ ಗಂಡ ಅಂಗಡಿಯ ಸುದ್ದಿ ಹೇಳಿದರು. ಅವರ ಸಾಹುಕಾರರಿಗೆ ನಶ್ಯದ ಚಟ. ಬಿಡಲು ಆಗದೆ ಕೊನೆಗೆ ಎದುರು ಅಂಗಡಿಯವನ ಕೈಯಲ್ಲಿ ಐದು ನೂರು ರೂಪಾಯಿ ಇಟ್ಟು, “ನಾನು ನಶ್ಯ ಏರಿಸೋದು ಕಂಡ್ರ ಇದು ನಿಂದು” ಎಂದರಂತೆ. ಎದುರಿನವನಿಗೂ ಇವರಿಗೂ ಹಾವು ಮುಂಗುಸಿಯ ಸಂಬಂಧ. ಅವನು ವ್ಯಾಪಾರ ಬಿಟ್ಟು ಇವರ ಮೂಗನ್ನೇ ಕಾಯುತ್ತಾ ಕೂತ. ತಿಂಗಳೊಳಗೆ ಚಟ ಬಿಟ್ಟಿತು, ದುಡ್ಡು ವಾಪಸು ಬಂತು. ಗಂಡ ಹೊಟ್ಟೆ ಹಿಡಿದು ನಕ್ಕರು. ನಾನು ನಗಲಿಲ್ಲ, ತಟ್ಟೆಯ ಮುಂದೆ ಕೂತು ಲೆಕ್ಕ ಹಾಕುತ್ತಿದ್ದೆ.

ನನ್ನ ದುಡ್ಡನ್ನೂ ಹಾಗೆ ಯಾರ ಹತ್ತಿರವಾದರೂ ಇಡಬೇಕು. ಆದರೆ ಯಾರ ಹತ್ತಿರ? ಗಂಡನ ಹತ್ತಿರ ಇಟ್ಟರೆ ಬಾಡಿಗೆಗೆ ಹೋಗುತ್ತದೆ. ಅಪ್ಪನ ಹತ್ತಿರ ಇಟ್ಟರೆ ನಾನು ಸೋತರೂ ಕಣ್ಣೀರು ಒರೆಸಿ ತಿರುಗಿ ಕೊಡುತ್ತಾನೆ. ಶತ್ರು ಅಂತ ನನಗೆ ಯಾರೂ ಇರಲಿಲ್ಲ, ಬಡವರಿಗೆ ಅಷ್ಟು ಅನುಕೂಲ ಎಲ್ಲಿಂದ ಬರಬೇಕು? ಕರುಣೆಗೆ ಕರಗದ, ತಿರುಗಿ ಕೊಡದ, ಮರೆಯದ ಒಬ್ಬನು ಬೇಕಿತ್ತು. ಯೋಚಿಸಿದಷ್ಟೂ ಬಸವಣ್ಣನೇ ಸರಿ ಅನ್ನಿಸಿತು.

ಮರುದಿನ ಸೋಮವಾರ. ತಲೆಗೆ ನೀರು ಹಾಕಿಕೊಂಡು, ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆಯಲ್ಲಿ ಆರು ನೂರು ರೂಪಾಯಿ ಇಟ್ಟು, ಮೂರು ಗಂಟು ಹಾಕಿ, ದೇವರ ಜಗಲಿಯ ಮೇಲೆ ಬಸವಣ್ಣನ ಪಟದ ಕೆಳಗೆ ಇಟ್ಟೆ. ಮನಸ್ಸಿನಲ್ಲೇ ಹೇಳಿಕೊಂಡೆ: ‘ಈ ಸಲದ ಪರೀಕ್ಷೆಯಲ್ಲಿ ನಾನು ಪಾಸಾಗದಿದ್ದರೆ ಇದು ನಿನ್ನದು. ಪಾಸಾದರೆ ನನ್ನದು ನನಗೆ.’ ಬಾಯಿ ಬಿಟ್ಟು ಹೇಳಲಿಲ್ಲ. ಹರಕೆಯನ್ನು ಆಡಿ ತೋರಿಸಿದರೆ ಅದಕ್ಕೆ ಫಲವಿಲ್ಲ ಎಂದು ಅವ್ವ ಕಲಿಸಿದ್ದಳು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಏನರ ಬೇಡ್ಕೊಂಡಿಯೇನು?” ಎಂದರು. “ಪರೀಕ್ಷಿ ಸಲುವಾಗ್ರಿ,” ಎಂದೆ. ಅಷ್ಟೇ. ಅವರು ವಿಭೂತಿ ಹಚ್ಚಿಕೊಂಡು ಒಳಗೆ ಹೋದರು.

ನನ್ನ ಉಪಾಯ ಕೆಲಸ ಮಾಡಿತು. ಮಾಡಿದ್ದೇ ತಪ್ಪಾಯಿತೇನೋ. ಅಡುಗೆಮನೆಗೆ ಹೋಗುವಾಗ, ಬರುವಾಗ, ಕಸ ಹೊಡೆಯುವಾಗ ಆ ಹಳದಿ ಗಂಟು ಕಣ್ಣಿಗೆ ಬೀಳುತ್ತಿತ್ತು. ಕ್ಲಾಸಿಗೆ ಹೋಗದೆ ಮಲಗೋಣ ಅನ್ನಿಸಿದ ಮಧ್ಯಾಹ್ನವೇ ಅವ್ವ ಬಿಂದಿಗೆ ಹೊತ್ತು ಗಿರಣಿಯ ಓಣಿಯಲ್ಲಿ ನಡೆಯುತ್ತಿದ್ದುದು ನೆನಪಾಗಿ ಎದ್ದು ಕೂರುತ್ತಿದ್ದೆ. ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಕೀಲಿಗಳ ಚಿತ್ರ ಬರೆದು, ಅನ್ನ ಬೇಯುವಷ್ಟು ಹೊತ್ತು ಅದರ ಮೇಲೆ ಬೆರಳಾಡಿಸುತ್ತಿದ್ದೆ. ರೊಟ್ಟಿ ಬಡಿಯುವಾಗಲೂ ಬೆರಳು ತಾನಾಗಿ ಅಕ್ಷರ ಹುಡುಕುತ್ತಿತ್ತು. ಬಡಿದ ರೊಟ್ಟಿ ಹರಿದರೆ ಅತ್ತೆ ಏನೂ ಅನ್ನದೆ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಕೂರುತ್ತಿದ್ದರು. ಹಾಗೆ ಸರಿಸುತ್ತಾ ಸರಿಸುತ್ತಾ ಮಧ್ಯಾಹ್ನದ ಕೆಲಸವೆಲ್ಲ ಅವರ ಪಾಲಿಗೆ ಹೋಯಿತು. ನನಗೆ ಹಾಯೆನ್ನಿಸಲಿಲ್ಲ. ಬಿಡಲು ಇದ್ದ ಇನ್ನೊಂದು ದಾರಿಯೂ ಮುಚ್ಚಿತು ಅನ್ನಿಸಿತು. ಇಷ್ಟು ಮಂದಿಯ ಶ್ರಮದ ಮೇಲೆ ಕೂತು ಈಗ ಬೇಸರವಾಯಿತು ಅಂತ ಹೇಗೆ ಹೇಳುವುದು?

ನಡುವೆ ಮಗಳಿಗೆ ಜ್ವರ ಬಂತು. ಎಂಟು ದಿನ ಇಳಿಯಲಿಲ್ಲ. ಡಾಕ್ಟರಿಗೆ, ಔಷಧಿಗೆ ಗಂಡ ಸಾಹುಕಾರರ ಹತ್ತಿರ ಮುಂಗಡ ತಂದರು. ಜಗಲಿಯ ಮೇಲೆ ಆರು ನೂರು ರೂಪಾಯಿ ಕೂತಿದೆ, ಮುಟ್ಟುವ ಹಾಗಿಲ್ಲ. ನಾನೊಂದು ಸಲ ಅದರ ಕಡೆ ನೋಡಿದ್ದಕ್ಕೆ ಅತ್ತೆ, “ಅದಕ್ಕ ಕೈ ಹಚ್ಚಬ್ಯಾಡ. ಅವನ ರೊಕ್ಕ ಮನಿಯಾಗ ಇರೋತನ ಅವನ ಕಣ್ಣೂ ಮನಿ ಮ್ಯಾಲೆ ಇರ್ತೈತಿ. ಕೂಸಿಗೆ ಏನೂ ಆಗಂಗಿಲ್ಲ,” ಎಂದರು. ಒಂಬತ್ತನೆಯ ದಿನ ಜ್ವರ ಇಳಿಯಿತು. ಮಗಳು ಮಂಡಕ್ಕಿ ಬೇಕೆಂದು ಹಟ ಹಿಡಿದಾಗ ಅತ್ತೆ ಜಗಲಿಯ ಮುಂದೆ ಉದ್ದಕ್ಕೆ ಬಿದ್ದು ನಮಸ್ಕಾರ ಮಾಡಿದರು. ಎದ್ದು ಹೇಳಿದರು:

“ಪರೀಕ್ಷಿ ಪಾಸಾದ ಮೊದಲ ಸೋಮವಾರ ಕುರುಗೋಡಿಗೆ ಹೋಗಿ ಮುಡಿಪು ಒಪ್ಪಿಸಿ ಬರೂಣು. ತಡ ಮಾಡಬಾರ್ದು.”

ನಾನು ಕೈಯಲ್ಲಿದ್ದ ಮಂಡಕ್ಕಿ ಬಟ್ಟಲು ಹಾಗೇ ಹಿಡಿದುಕೊಂಡು ನಿಂತೆ. ಆಗ ನನಗೆ ಹೊಳೆಯಿತು. ಲೋಕದಲ್ಲಿ ಎಲ್ಲರೂ ಮುಡಿಪು ಕಟ್ಟುವುದು ಬೇಡಿದ್ದು ಕೈಗೂಡಿದರೆ ಕೊಡುತ್ತೇನೆ ಎಂದು. ಮಗ ಹುಟ್ಟಿದರೆ, ರೋಗ ವಾಸಿಯಾದರೆ, ಮಳೆ ಬಂದರೆ. ಸೋತರೆ ಕೊಡುತ್ತೇನೆ ಎಂದು ದೇವರ ಮುಂದೆ ಗಂಟು ಕಟ್ಟಿದವಳು ನಾನೊಬ್ಬಳೇ. ಅತ್ತೆಗೆ ಅದು ಹೇಗೆ ಗೊತ್ತಾಗಬೇಕು? ಅವರ ಲೆಕ್ಕದಲ್ಲಿ ನಾನು ಪಾಸಾದರೆ ದುಡ್ಡು ಬಸವಣ್ಣನದು. ನನ್ನ ಲೆಕ್ಕದಲ್ಲಿ ನಪಾಸಾದರೆ ದುಡ್ಡು ಬಸವಣ್ಣನದು. ಅತ್ತ ದರಿ, ಇತ್ತ ಹುಲಿ. ಮಷೀನು ಮಾತ್ರ ಯಾವ ಕಡೆಗೂ ಇಲ್ಲ.

ಆ ಕ್ಷಣವೇ ಹೇಳಿಬಿಡಬೇಕಿತ್ತು. ಮಗುವಿನ ಹಣೆ ಇನ್ನೂ ಬೆವರುತ್ತಿತ್ತು. ‘ಅಲ್ಲರೀ ಅತ್ತೀ, ಗೆದ್ದರೆ ದುಡ್ಡು ನನಗೇ’ ಎಂದು ಆ ಹೊತ್ತಿನಲ್ಲಿ ಯಾವ ಬಾಯಿಂದ ಹೇಳಲಿ? ಮಗುವನ್ನು ಉಳಿಸಿಕೊಂಡು ದೇವರಿಗೆ ಕೈ ಕೊಟ್ಟ ಹಾಗಾಗುತ್ತಿತ್ತು. ಸುಮ್ಮನೆ ‘ಹೂನ್ರಿ’ ಎಂದೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎನ್ನುವುದು ಇಂಥವರಿಗೇ.

ಗಂಡನಿಗೆ ಹೇಳಿದೆ. ಅವರು ಮೊದಲು ಅರ್ಥವಾಗದೆ ಎರಡು ಸಲ ಕೇಳಿದರು, ಆಮೇಲೆ ನಗತೊಡಗಿದರು.

“ಹಿಂಗಾದ್ರೂ ಅವನಿಗೆ, ಹಂಗಾದ್ರೂ ಅವನಿಗೆ. ನಮ್ಮ ಸಾಹುಕಾರಗೂ ಇಂಥ ವ್ಯಾಪಾರ ಕುದುರಿಲ್ಲ ಬಿಡು. ಬೇಲಿ ಮ್ಯಾಲಿನ ಓತಿಕ್ಯಾತನ್ನ ತಂದು ಮೈಮ್ಯಾಲೆ ಬಿಟ್ಕೊಂಡಿ.”

“ನಗಬ್ಯಾಡ್ರಿ. ನೀವ ಒಂದ್ ಮಾತು ಅತ್ತಿಗೆ ಹೇಳ್ರಿ.”

“ನಾನಾ? ಅವ್ವಗ? ದೇವ್ರ ರೊಕ್ಕದ ಮಾತು?” ಅವರ ನಗು ನಿಂತಿತು. “ಹೇಳಾಕ ನನ್ನ ಕೈಲಿ ಆಗಂಗಿಲ್ಲ. ನೀ ಕಟ್ಟೀದಿ, ನೀನ ಬಿಚ್ಚು.”

ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಆ ಎರಡು ತಿಂಗಳಷ್ಟು ಉಸಿರು ಕಟ್ಟಿದ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಬೆಳಿಗ್ಗೆ ಎದ್ದರೆ ಗಂಟು. ಬ್ರೂಸ್‌ಪೇಟೆಗೆ ಹೋದರೆ ಮಷೀನು. ಮಾಸ್ತರು ಬೇರೆ, ಅದರ ಧೂಳು ಒರೆಸುತ್ತಾ, “ನಿಮ್ಮ ಮಷೀನು ಹೆಂಗ ಓಡ್ತೈತಿ ನೋಡ್ರಿ ಅಮ್ಮಾ,” ಎನ್ನುತ್ತಿದ್ದರು. ನನ್ನದಲ್ಲ ಮಾಸ್ತರೇ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು. ಯಾಕೆ ಕಲಿಯುತ್ತಿದ್ದೇನೆ ಎಂಬುದಕ್ಕೆ ಉತ್ತರವಿರಲಿಲ್ಲ, ನಿಲ್ಲಿಸಲು ಧೈರ್ಯವಿರಲಿಲ್ಲ. ಗಾಣಕ್ಕೆ ಕಟ್ಟಿದ ಎತ್ತಾದರೂ ಸಂಜೆಗೆ ಬಿಡುಗಡೆ ಕಾಣುತ್ತದೆ. ನಾನು ಸಂಜೆ ಮನೆಗೆ ಬಂದರೆ ಅತ್ತೆ ಜಗಲಿಗೆ ದೀಪ ಹಚ್ಚುತ್ತಾ ಮುಡಿಪಿನ ಮೇಲೂ ಒಂದು ಹೂವು ಇಡುತ್ತಿದ್ದರು.

ಇನ್ನೊಂದು ಸಲ ಹೇಳಲು ಹೊರಟೆ. ಅತ್ತೆ ಅಂಗಳದಲ್ಲಿ ಕೂತು ಪುಂಡಿಪಲ್ಲೆ ಸೋಸುತ್ತಿದ್ದರು. ಪಕ್ಕದಲ್ಲಿ ಕೂತು, “ಅತ್ತೀ, ಆ ಮುಡಿಪು…” ಎಂದೆ. ಅವರು ತಲೆ ಎತ್ತದೆ, “ಚಿಂತಿ ಬಿಡು. ನೀ ಪಾಸಾಗ್ತಿ. ನಾ ದಿನಾ ಹೇಳಾಕತ್ತೀನಿ ಅವಗ,” ಎಂದರು. ನನ್ನ ಗೆಲುವಿಗೆ ಇವರು ಬೇಡಿಕೊಳ್ಳುತ್ತಿದ್ದಾರೆ. ನಾನೋ, ನನ್ನ ಸೋಲಿಗೆ ಕಾಯಲು ಅದೇ ದೇವರನ್ನು ಕೂರಿಸಿದ್ದೇನೆ. ಅದನ್ನು ಇವರಿಗೆ ಹೇಗೆ ಹೇಳುವುದು? ಪಲ್ಲೆಯ ದಂಟು ಮುರಿಯುತ್ತಾ ಕೂತೆ. ಒಳ್ಳೆಯ ಎಲೆಯನ್ನೂ ಕಸಕ್ಕೆ ಹಾಕಿದ್ದಕ್ಕೆ ಬೈಸಿಕೊಂಡೆ.

ಪರೀಕ್ಷೆಯ ದಿನ ಒಂದು ಕೆಟ್ಟ ಯೋಚನೆ ಬಂತು, ಮುಚ್ಚಿಡುವುದಿಲ್ಲ. ನಪಾಸಾದರೆ ಅತ್ತೆ ಮುಡಿಪನ್ನು ಮುಂದಿನ ಪರೀಕ್ಷೆಗೆ ಇರಲಿ ಎನ್ನುತ್ತಾರೆ, ದುಡ್ಡು ಕುರುಗೋಡಿಗೆ ಹೋಗುವುದಾದರೂ ತಪ್ಪುತ್ತದೆ. ಬಸವಣ್ಣನಿಗೆ ನಾನು ಕೊಟ್ಟ ಮಾತು ಬಸವಣ್ಣನನ್ನು ಬಿಟ್ಟರೆ ಗಂಡನಿಗೆ ಮಾತ್ರ ಗೊತ್ತು, ಅವರು ಬಾಯಿ ಬಿಡುವವರಲ್ಲ. ಹತ್ತು ತಪ್ಪು ಹೊಡೆದರೆ ಸಾಕು. ಪರೀಕ್ಷೆಯ ಹಾಲಿನಲ್ಲಿ ಗಂಟೆ ಹೊಡೆಯಿತು. ಇಂಗ್ಲಿಷಿನವೂ ಕನ್ನಡದವೂ ಸೇರಿ ನಲವತ್ತು ಮಷೀನುಗಳು ಒಟ್ಟಿಗೆ ಕೂಗಿದವು. ನಾನು ತಪ್ಪು ಹೊಡೆಯೋಣ ಎಂದು ನೋಡಿದೆ, ಬೆರಳು ಕೇಳಲಿಲ್ಲ. ತಿಂಗಳುಗಟ್ಟಲೆ ಹೆದರಿಸಿ ಪಳಗಿಸಿದ ಬೆರಳು ಸರಿಯಾದ ಕೀಲಿಯ ಮೇಲೇ ಹೋಗಿ ಕೂರುತ್ತಿತ್ತು. ಅಂದು ನಾನು ಹೊಡೆದಷ್ಟು ಚೊಕ್ಕವಾದ ಪುಟವನ್ನು ಕ್ಲಾಸಿನಲ್ಲಿ ಎಂದೂ ಹೊಡೆದಿರಲಿಲ್ಲ.

ಪಾಸಾದೆ. ಮಾಸ್ತರು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ನಾನು ಜೀವನದಲ್ಲಿ ಕೊನೆಯವರೆಗೂ ಮಾಡಿದ ಮೊದಲ ಕೆಲಸ ಅದು. ಸಂತೋಷವಾಯಿತೋ ಎಂದರೆ, ಆಯಿತು. ಮೆಟ್ಟಿಲು ಇಳಿಯುವಷ್ಟು ಹೊತ್ತು. “ಬರೋ ಮಂಗಳವಾರದತನ ಮಷೀನು ಇಟ್ಟಿರ್ತೀನ್ರಿ ಅಮ್ಮಾ. ಕೋರ್ಟಿನ ಹತ್ರ ಕೂಡೋನೊಬ್ಬ ಕೇಳಾಕತ್ತಾನ,” ಎಂದು ಮಾಸ್ತರು ಹಿಂದಿನಿಂದ ಕೂಗಿ ಹೇಳಿದರು. ಮಂಗಳವಾರಕ್ಕೆ ಮುಂಚೆ ಸೋಮವಾರ ಬರುತ್ತದೆ ಎಂದು ಅವರಿಗೆ ಹೇಳಲಿಲ್ಲ.

ಸೋಮವಾರ ಮಗಳನ್ನು ಗಂಡನ ಹತ್ತಿರ ಬಿಟ್ಟು ಅತ್ತೆ, ನಾನು ಬೆಳಗಿನ ಬಸ್ಸು ಹತ್ತಿದೆವು. ಗಂಟು ನನ್ನ ಮಡಿಲಲ್ಲಿ. ದಾರಿಯುದ್ದಕ್ಕೂ ಹೇಳಬೇಕು ಹೇಳಬೇಕು ಎಂದುಕೊಂಡೆ. ಒಂದು ಊರು ದಾಟಲಿ ಹೇಳುತ್ತೇನೆ, ಇನ್ನೊಂದು ದಾಟಲಿ ಹೇಳುತ್ತೇನೆ. ಹಾಗೇ ಕುರುಗೋಡಿನ ಗುಡ್ಡಗಳು ಕಂಡವು. ಅತ್ತೆ ತವರಿಗೆ ಬಂದ ಹುಡುಗಿಯಂತೆ ಸೆರಗು ಸರಿಮಾಡಿಕೊಂಡು ಕೂತರು.

ಗುಡಿಯೊಳಗೆ ಬಸವಣ್ಣ ಕಲ್ಲಿನ ನಂದಿಯಾಗಿ ತೊಲೆಗೆ ಮುಟ್ಟುವ ಹಾಗೆ ಕೂತಿದ್ದ. ಅವನ ಮುಂದೆ ನಿಂತರೆ ಯಾರಿಗಾದರೂ ತಾವು ಸಣ್ಣವರು ಅನ್ನಿಸುತ್ತದೆ, ನನಗೆ ಸಿಕ್ಕಿಬಿದ್ದೆ ಅನ್ನಿಸಿತು. ಹುಂಡಿಯ ಬಾಯಿ ಸಣ್ಣದು, ಗಂಟು ಹಿಡಿಸಲಿಲ್ಲ. “ಬಿಚ್ಚಿ ಹಾಕವಾ,” ಎಂದರು ಪೂಜಾರಿ. ಮೂರು ಗಂಟು ಬಿಚ್ಚಿದೆ. ಅವ್ವನ ನೋಟುಗಳು. ಅವಳು ಪ್ರತಿಯೊಂದನ್ನೂ ನಾಲ್ಕು ಮಡಿಕೆ ಮಾಡಿಟ್ಟಿದ್ದಳು. ಒಂದೊಂದಾಗಿ ಒಳಗೆ ತಳ್ಳಿದೆ. ಒಂದರದು, ಎರಡರದು, ಐದರದು. ಮುಗಿಯುತ್ತಲೇ ಇಲ್ಲ. ಹಿಂದೆ ನಿಂತಿದ್ದವರು ‘ಎಷ್ಟು ಭಕ್ತಿ ನೋಡು’ ಎಂದು ಮಾತಾಡಿಕೊಂಡರು. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನೂ ಭಕ್ತಿಯ ಲೆಕ್ಕಕ್ಕೇ ಬರೆದುಕೊಂಡಿರಬೇಕು.

ಬಸ್‌ಸ್ಟ್ಯಾಂಡಿನ ಹತ್ತಿರ ಬೇವಿನ ಮರದ ಕೆಳಗೆ ಕೂತಾಗ, ಇನ್ನು ಕಳೆದುಕೊಳ್ಳುವುದೇನೂ ಉಳಿದಿಲ್ಲ ಎಂಬ ಧೈರ್ಯಕ್ಕೋ, ಸಿಟ್ಟಿಗೋ, ಬಾಯಿ ತೆರೆಯಿತು.

“ಅತ್ತೀ, ನಾ ಬೇಡ್ಕೊಂಡಿದ್ದು ಹಂಗಲ್ಲರೀ. ನಪಾಸಾದ್ರ ಅವಗ, ಪಾಸಾದ್ರ ನನಗ ಅಂತ ಕಟ್ಟಿದ್ದೆ. ಆ ರೊಕ್ಕದಾಗ ಮಷೀನು ತಗೋಬೇಕಂತಿದ್ದೆ.”

ಅತ್ತೆ ನನ್ನ ಕಡೆ ತಿರುಗಿದರು.

“ಸೋತ್ರ ಕೊಡ್ತೀನಿ ಅಂದಿದ್ದೇನು?”

“ಹೂನ್ರಿ.”

“ಯವ್ವಾ, ಅದು ಹರಕಿ ಅಲ್ಲ, ಪಂದ್ಯ. ಪಂದ್ಯ ನೀ ಗೆದ್ದಿ. ಗೆದ್ದಾಕಿ ರೊಕ್ಕ ಬಸವಣ್ಣಗ ಯಾಕ ಬೇಕು? ಇವತ್ತು ಮುಂಜಾನಿ ಒಂದ್ ಮಾತು ಅಂದಿದ್ರ ನಾನ ಗಂಟು ಬಿಚ್ಚಿ ನಿನ್ನ ಕೈಯಾಗ ಇಡ್ತಿದ್ನೆಲ್ಲ.”

“ನೀವು ಸಿಟ್ಟಾಗ್ತೀರಿ ಅಂತ ಹೆದರಿದ್ನಿ ಅತ್ತೀ.”

“ಸಿಟ್ಟಾಗ್ತಿದ್ದೆ. ಬೈತಿದ್ದೆ. ಆಮ್ಯಾಲೆ ಕೊಡ್ತಿದ್ದೆ.”

ಬಳ್ಳಾರಿ ಬಸ್ಸು ಬಂತು. ಇಬ್ಬರೂ ಹತ್ತಿ ಒಂದೇ ಸೀಟಿನಲ್ಲಿ ಕೂತೆವು. ಕಂಡಕ್ಟರ್ ನನ್ನ ಮುಂದೆ ಕೈ ಚಾಚಿದ. ನನ್ನ ಮಡಿಲಲ್ಲಿ ಬರಿಯ ಹಳದಿ ಬಟ್ಟೆ ಇತ್ತು. ಅತ್ತೆ ಸೊಂಟದ ಚೀಲ ಬಿಚ್ಚಿ ನನ್ನ ಟಿಕೆಟ್ಟಿನ ದುಡ್ಡನ್ನೂ ಕೊಟ್ಟರು.